ಆ ಪೈಪನ್ನು ಎಲ್ಲಿಡುವುದು?

ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಪಶ್ಚಿಮ ಬಾಗಿಲಿನಿಂದ 14 ಮೈಲಿ ಒಳಕ್ಕೆ ಹೋದರೆ ಗಿಬ್ಬನ್ ಮತ್ತು ಫೈರ್‌ಹೋಲ್ ಹೊಳೆಗಳು ಕೂಡಿ ಮ್ಯಾಡಿಸನ್ ನದಿಯಾಗುತ್ತವೆ. ಅಲ್ಲೇ ಪೈನ್ ಮರಗಳ ನಡುವೆ ಒಂದು ಕ್ಯಾಂಪ್‌ಗ್ರೌಂಡ್. 6,800 ಅಡಿ ಎತ್ತರ, ಜುಲೈನಲ್ಲೂ ಬೆಳಿಗ್ಗೆ ಸ್ವೆಟರ್ ಬೇಕು. ಟ್ರೇಲರ್ ನಿಲ್ಲಿಸುವ ಜಾಗದಲ್ಲಿ ಕರೆಂಟಿಲ್ಲ, ನಲ್ಲಿಯಿಲ್ಲ, ಒಳಚರಂಡಿಯೂ ಇಲ್ಲ. ಹಾಗಾಗಿ ಜಾಗ ಖಾಲಿ ಮಾಡುವ ಹೊತ್ತಿಗೆ ಗಾಡಿಯ ಕೊಳೆನೀರಿನ ಟ್ಯಾಂಕನ್ನು ಪೈಪು ಹಾಕಿ ಬರಿದು ಮಾಡಲು ಎಲ್ಲರೂ ಒಂದೇ ಕಡೆ ಬಂದು ಸಾಲು ಹಿಡಿಯುತ್ತಾರೆ. ಅದಕ್ಕೆ ಡಂಪ್ ಸ್ಟೇಷನ್ ಎಂದು ಹೆಸರು. ಕಾಂಕ್ರೀಟ್ ಕಟ್ಟೆ, ಅದರ ನಡುವೆ ಕಬ್ಬಿಣದ ಮುಚ್ಚಳವಿರುವ ತೂತು, ಪಕ್ಕದಲ್ಲಿ 'ಈ ನೀರು ಕುಡಿಯಲು ಅಲ್ಲ' ಎಂಬ ಫಲಕ ಹೊತ್ತ ನಲ್ಲಿ.

ಜನ ಇಲ್ಲಿಗೆ ಬರುವುದು ಬಿಸಿನೀರ ಬುಗ್ಗೆ ನೋಡಲು, ಬೈಸನ್ ನೋಡಲು. ಮಗಳು, ಅಳಿಯನ ಜೊತೆ ಬಂದಿದ್ದ ನನಗೆ ಈ ಸಾಲೂ ನೋಡುವಂಥದ್ದಾಗಿ ಕಂಡಿತು.

ಮುಂದೆ ಬಸ್ಸಿನಷ್ಟು ದೊಡ್ಡ ಮೋಟಾರ್‌ಹೋಮ್. ಅದರ ಯಜಮಾನರಿಗೆ ಚಿಂತೆಯಿಲ್ಲ. ಪಕ್ಕದಲ್ಲೊಂದು ಬಾಗಿಲು ತೆರೆದರೆ ಪೈಪಿಗೆಂದೇ ಮಾಡಿದ ಗೂಡು, ದೀಪ, ಕೈ ತೊಳೆಯಲು ಸೋಪು. ಅದರ ಹಿಂದೆ ಒಹಾಯೊದ ಜಾಕ್ಸನ್ ಸೆಂಟರ್‌ನಲ್ಲಿ ತಯಾರಾಗುವ ಬೆಳ್ಳಿಬಣ್ಣದ ಏರ್‌ಸ್ಟ್ರೀಮ್. ಅದರ ಹಿಂಬದಿಯ ಬಂಪರಿನ ಮೇಲ್ಭಾಗವೇ ಮುಚ್ಚಳವಾಗಿ ತೆರೆದುಕೊಳ್ಳುತ್ತದೆ, ಪೈಪು ಒಳಗೆ ಮಲಗಿರುತ್ತದೆ. ಸಮಸ್ಯೆ ಅವುಗಳ ಹಿಂದೆ ನಿಂತ ಸಣ್ಣ ಟ್ರೇಲರುಗಳದ್ದು. ಮಿನ್ನೆಸೋಟದ ಬ್ಯಾಕಸ್ ಊರಿನಲ್ಲಿ ತಯಾರಾಗುವ ಸ್ಕ್ಯಾಂಪ್‌ನಂಥ, ಅಭಿಮಾನಿಗಳು ಮೊಟ್ಟೆ ಎಂದೇ ಕರೆಯುವ ಫೈಬರ್‌ಗ್ಲಾಸ್ ಗಾಡಿಗಳು. ಹದಿನಾರು ಅಡಿಯೊಳಗೆ ಹಾಸಿಗೆ, ಒಲೆ, ಫ್ರಿಜ್ಜು, ಕಕ್ಕಸು ಎಲ್ಲವನ್ನೂ ಕೂರಿಸಿದ್ದಾರೆ. ಊಟದ ಮೇಜೇ ರಾತ್ರಿ ಮಂಚವಾಗುತ್ತದೆ. ಇಷ್ಟೆಲ್ಲ ಯೋಚಿಸಿದವರು ಕಕ್ಕಸಿನ ಟ್ಯಾಂಕನ್ನು ಬರಿದು ಮಾಡುವ ಪೈಪನ್ನು ಎಲ್ಲಿಡಬೇಕೆಂಬುದನ್ನು ಮಾತ್ರ ಕೊಂಡವರ ಜಾಣ್ಮೆಗೆ ಬಿಟ್ಟಂತಿದೆ.

ಪೈಪೇನು ಅಂಥ ಭಾರದ್ದಲ್ಲ. ಮೂರು ಇಂಚು ಅಗಲ, ಸುತ್ತಲೂ ತಂತಿಯ ಸುರುಳಿ, ಹಾರ್ಮೋನಿಯಂ ತಿದಿಯಂತೆ ಹಿಗ್ಗಿ ಕುಗ್ಗುವ ಮೈ. ಹತ್ತಡಿಯದನ್ನು ಒತ್ತಿದರೆ ಅರ್ಧಕ್ಕಿಂತ ಗಿಡ್ಡವಾಗುತ್ತದೆ. ಆದರೆ ಎಷ್ಟು ತೊಳೆದರೂ ಅದರ ಮಡಿಕೆಗಳಲ್ಲಿ ನಾಲ್ಕು ಹನಿ ಉಳಿದೇ ಇರುತ್ತದೆ. ಆ ನಾಲ್ಕು ಹನಿಗೆ ಹೆದರಿಯೇ ಯಾರೂ ಅದನ್ನು ಮನೆಯೊಳಗೆ ಸೇರಿಸುವುದಿಲ್ಲ.

ಹಳೆಯ ಉಪಾಯ ಬಂಪರ್. ಬಹಳಷ್ಟು ಟ್ರೇಲರುಗಳಿಗೆ ಹಿಂದೆ ನಾಲ್ಕಿಂಚು ಚೌಕದ ಟೊಳ್ಳು ಕಬ್ಬಿಣದ ಬಂಪರ್ ಇರುತ್ತದೆ. ಮೂರಿಂಚಿನ ಪೈಪು ಅದರೊಳಗೆ ಜಾರಿ ಕೂರುತ್ತದೆ, ಎರಡೂ ತುದಿಗೆ ಪ್ಲಾಸ್ಟಿಕ್ ಮುಚ್ಚಳ. ಹೇಳುವಾಗ ಎಷ್ಟು ಸುಲಭ! ಪೈಪಿನ ತುದಿಯಲ್ಲಿ ಟ್ಯಾಂಕಿಗೆ ಕಚ್ಚಿಕೊಳ್ಳುವ ಕೊಕ್ಕೆಗಳುಳ್ಳ ಬಳೆಯೊಂದಿರುತ್ತದೆ. ಅದು ಬಂಪರಿನ ಬಾಯಿಗಿಂತ ಅಗಲ. ಅದನ್ನು ಪ್ರತಿ ಸಲ ತಿರುಚಿ ಬಿಚ್ಚಿ ಬೇರೆ ಇಡಬೇಕು. ಒದ್ದೆ ಪೈಪು ಒಳಗಿದ್ದು ಬಂಪರ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುವುದರಿಂದ ಅದು ತಿಳಿಯುವುದು ತಡವಾಗಿ. ಅದೇ ಬಂಪರಿಗೆ ಸ್ಪೇರ್ ಟೈರನ್ನೂ ತೂಗುಹಾಕಿರುತ್ತಾರೆ ಎಂಬುದು ನೆನಪಿರಲಿ. ಬಿಸಿಲಿಗೆ ಮುಚ್ಚಳ ಪೆಡಸಾಗಿ ಹೆದ್ದಾರಿಯಲ್ಲಿ ಉದುರುತ್ತದೆ, ಅದರ ಹಿಂದೆಯೇ ಪೈಪೂ ಹೊರಬರುತ್ತದೆ. ಚಳಿಗಾಲವಿಡೀ ನಿಲ್ಲಿಸಿಟ್ಟ ಗಾಡಿಯ ಬಂಪರಿನಲ್ಲಿ ವಸಂತಕ್ಕೆ ಕಡಜದ ಗೂಡು. ಇದನ್ನು ಉಪಾಯ ಎನ್ನುವುದಕ್ಕಿಂತ ರೂಢಿ ಎನ್ನುವುದೇ ಸರಿ.

ಸಾಲಿನಲ್ಲಿ ನಮ್ಮ ಮುಂದಿದ್ದ ಮೊಟ್ಟೆಯ ಯಜಮಾನ ಎಪ್ಪತ್ತು ದಾಟಿದ ಅಜ್ಜ. ಕೆಲಸವನ್ನು ಸಂಧ್ಯಾವಂದನೆಯ ಶ್ರದ್ಧೆಯಿಂದ ಮಾಡುತ್ತಿದ್ದರು. ಕೈಗವಸು ತೊಟ್ಟರು. ಪೈಪಿನ ಒಂದು ತುದಿಯನ್ನು ನೆಲದ ತೂತಿಗೆ ಸೇರಿಸಿ ಅದರ ಮೇಲೆ ಕಲ್ಲಿಟ್ಟರು. ಇನ್ನೊಂದನ್ನು ಟ್ಯಾಂಕಿಗೆ ತಿರುಚಿದರು, ಕಚ್ಚಿದೆಯೇ ಎಂದು ಎಳೆದು ನೋಡಿದರು. ರಾಬಿನ್ ವಿಲಿಯಮ್ಸ್ ನಟಿಸಿದ 2006ರ 'ಆರ್‌ವಿ' ಸಿನಿಮಾದಲ್ಲಿ ಈ ಕೆಲಸ ಕೆಟ್ಟು ಹೊಲಸು ಕಾರಂಜಿಯಾಗಿ ಚಿಮ್ಮುತ್ತದೆ. ಅದನ್ನು ನೋಡಿದವರು ಎಳೆದು ನೋಡದೆ ಬಿಡಲಾರರು. ಮೊದಲು ಕಕ್ಕಸಿನ ಟ್ಯಾಂಕಿನ ವಾಲ್ವ್. ಮೊಣಕೈಯಂತೆ ಬಾಗಿದ ಪಾರದರ್ಶಕ ತುಂಡಿನಲ್ಲಿ ಹರಿಯುವುದು ಕಾಣುತ್ತಿತ್ತು, ನಾನು ಪೈನ್ ಮರಗಳತ್ತ ನೋಡಿದೆ. ಅದು ನಿಂತ ಮೇಲೆ ಬಚ್ಚಲು ನೀರಿನ ವಾಲ್ವ್. ಪಾತ್ರೆ ತೊಳೆದ, ಸ್ನಾನ ಮಾಡಿದ ಸೋಪಿನ ನೀರು ಹರಿದು ಪೈಪನ್ನು ತಾನೇ ತೊಳೆಯುತ್ತದೆ. ಈ ಕ್ರಮ ತಿರುಗುಮುರುಗಾದರೆ ಪೈಪು ಕೊಳಕಾಗಿಯೇ ಉಳಿಯುತ್ತದೆ.

ಆಮೇಲೆ ನೋಡಿ, ಅಜ್ಜನ ನಿಜವಾದ ಹೆಮ್ಮೆ ಹೊರಬಂತು. ಟ್ರೇಲರಿನ ಹೊಟ್ಟೆಯ ಕೆಳಗೆ, ಚಕ್ರದ ಹಿಂದೆ, ಬಿಳಿಯ ಚೌಕ ಕೊಳವೆಯೊಂದು ಅಡ್ಡಲಾಗಿತ್ತು. ಅಂಗಳದ ಬೇಲಿಗೆಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮಾರುವ ಐದಿಂಚಿನ ವಿನೈಲ್ ಕಂಬವಂತೆ. ಗಾಡಿಯ ಅಗಲಕ್ಕೆ ಕತ್ತರಿಸಿ, ಚಾಸಿಗೆ ಲೋಹದ ಪಟ್ಟಿಯಿಂದ ಬಿಗಿದು, ಒಂದು ತುದಿ ಮುಚ್ಚಿ, ಇನ್ನೊಂದಕ್ಕೆ ಕೀಲಿನ ಬಾಗಿಲು. ತಳದಲ್ಲಿ ಸಣ್ಣ ತೂತುಗಳು, ಗಾಳಿಯಾಡಿ ಪೈಪು ಒಣಗಲೆಂದು. ಅಗಲದ ಬಳೆಯೂ ಸೇರಿದಂತೆ ಪೈಪು ಸರಾಗವಾಗಿ ಒಳಹೋಯಿತು. ವಿನೈಲಿಗೆ ತುಕ್ಕಿಲ್ಲ, ಬೇಕೆಂದಾಗ ಹೊಸದು ಹಾಕಬಹುದು. ನಾನು ನೋಡಿದ ಎಲ್ಲ ಏರ್ಪಾಡುಗಳಲ್ಲಿ ಇದೇ ಮೇಲು. ಕೊಳವೆ ರಸ್ತೆಗೆ ತೀರ ಹತ್ತಿರ ಜೋತುಬಿದ್ದು, ಎತ್ತರದ ಉಬ್ಬಿಗೆ ತಗಲಬಾರದು, ಅಷ್ಟೇ.

"ಮಳೆ ನೀರಿನ ಪೈಪೇ ಸಾಕಾಗಿತ್ತಲ್ಲ?" ಎಂದು ಅಳಿಯ ಕೇಳಿದ. ಅಜ್ಜ ನಕ್ಕು, ದುಂಡನೆಯದು ಬಿಗಿದರೂ ಉರುಳುತ್ತದೆ, ಚೌಕ ಕೂತಲ್ಲೇ ಕೂರುತ್ತದೆ ಎಂದರು. ಅಷ್ಟರಲ್ಲಿ ಬೈಸನ್ ಒಂದು ದಾರಿಗಡ್ಡ ಬಂದು ನಿಂತಿತು. ಅದರಿಂದ 25 ಗಜ ದೂರ ಇರಬೇಕೆಂಬುದು ಉದ್ಯಾನದ ನಿಯಮ. ಇಡೀ ಸಾಲು ಎಂಜಿನ್ ಆರಿಸಿ ಕಾಯಿತು.

ನಮ್ಮದು ಬಾಡಿಗೆ ಟ್ರೇಲರು. ಬೇಲಿ ಕಂಬ ಕಟ್ಟುವ ಹಕ್ಕು ನಮಗಿಲ್ಲ. ಪೈಪು, ಕೈಗವಸುಗಳು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಂದಿದ್ದವು. ಅಳಿಯ ಕೆಲಸ ಮುಗಿಸುತ್ತಿದ್ದಾಗ, ಒಳಗಿನ ನೀರಿನ ತೊಟ್ಟಿ ತುಂಬಿಸುವ ಬಿಳಿ ಪೈಪನ್ನು ಎತ್ತಿಕೊಡೋಣವೆಂದು ನಾನು ಕೈ ಚಾಚಿದೆ.

"ಅಪ್ಪಾ, ಅದನ್ನ ಮುಟ್ಟಬೇಡಿ! ನೀವು ಆ ಕಡೆ ನಿಂತಿದ್ರಿ."

ಇಪ್ಪತ್ತು ವರ್ಷ ಅಮೆರಿಕದಲ್ಲಿದ್ದರೂ ಮಗಳ ದನಿ ಮಾತ್ರ ಅವಳ ಅಜ್ಜಿಯದೇ. ಇಲ್ಲಿನವರೂ ಕಡಿಮೆಯೇನಲ್ಲ. ಕುಡಿಯುವ ನೀರಿನ ಬಿಳಿ ಪೈಪು ಒಂದು ಮೂಲೆಗೆ, ಕೊಳೆಯದು ಇನ್ನೊಂದಕ್ಕೆ. ಎರಡಕ್ಕೂ ಬೇರೆ ಬೇರೆ ಕೈಗವಸು. ಬಚ್ಚಲು ಮನೆಯ ಮಡಿಯನ್ನು ಇಷ್ಟು ಕಟ್ಟುನಿಟ್ಟಾಗಿ ನಮ್ಮೂರಲ್ಲಿ ಈಗ ಯಾರು ಪಾಲಿಸುತ್ತಾರೆ?

ಡಬ್ಬಿ ಪಿಕಪ್ ಗಾಡಿಯ ಹಿಂದಕ್ಕೆ ಹೋಗಬೇಕು. ಅಲ್ಲಿ ಐಸಿನ ಪೆಟ್ಟಿಗೆ, ಅದರೊಳಗೆ ದೋಸೆ ಹಿಟ್ಟು. ಮುಚ್ಚಳ ಗಟ್ಟಿಯಾಗಿದೆ, ಏನೂ ಆಗುವುದಿಲ್ಲ ಎಂದ ಅಳಿಯ. ಮಗಳು ಉತ್ತರ ಕೊಡಲಿಲ್ಲ, ಹಿಟ್ಟಿನ ಪಾತ್ರೆಯನ್ನು ತೆಗೆದು ನನ್ನ ಕೈಗಿತ್ತಳು. ಓಲ್ಡ್ ಫೇತ್‌ಫುಲ್‌ ಬುಗ್ಗೆಯವರೆಗಿನ 16 ಮೈಲಿಯೂ ಅದು ನನ್ನ ತೊಡೆಯ ಮೇಲಿತ್ತು. ಬಿಸಿಲಿಗೋ ಗಾಡಿಯ ಕಾವಿಗೋ, ಎರಡು ದಿನದಿಂದ ಚಳಿಗೆ ಹುಳಿ ಬರದೆ ಕಾಡಿದ್ದ ಹಿಟ್ಟು ಅಲ್ಲಿ ತಲುಪುವಷ್ಟರಲ್ಲಿ ಉಬ್ಬತೊಡಗಿತ್ತು.