ಕೊನೆಯ ಗದ್ದೆಗೆ ನೆತ್ತರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯವರಿಗೆ ನಾನು ಹೇಳಬೇಕಿಲ್ಲ: ಕೆರೆ ತುಂಬಿದರೆ ಸಾಲದು, ತೂಬು ತೆರೆದು ಕೊನೆಯ ಗದ್ದೆಗೂ ನೀರು ಮುಟ್ಟಬೇಕು. ದೇಹದ ಕೊನೆಯ ಗದ್ದೆಗೆ ನೆತ್ತರು ಮುಟ್ಟಿಸುವವು ಲೋಮನಾಳಗಳು. 1661ರಲ್ಲಿ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡ ಈ ನಾಳಗಳಲ್ಲಿ ಕೆಂಪುಕಣವೂ ಮೈ ಮುದುಡಿಯೇ ನುಸುಳಬೇಕು.

ಚೀನಾದ ತಾಯ್ ಚಿ ಸಾಧಕನು ಮಂಡಿ ತುಸು ಬಾಗಿಸಿ, ಮೈಭಾರವನ್ನು ಕಾಲಿಂದ ಕಾಲಿಗೆ ಮೆಲ್ಲನೆ ಸಾಗಿಸುತ್ತಾನೆ. ಮೀನಖಂಡ ಬಿಗಿದಾಗಲೆಲ್ಲ ಅಭಿಧಮನಿಯ ರಕ್ತ ಮೇಲೇರುತ್ತದೆ. ಹರಿವು ಹೆಚ್ಚಿದಾಗ ಧಮನಿಯ ಒಳಪೊರೆ ನೈಟ್ರಿಕ್ ಆಕ್ಸೈಡನ್ನು ಹೊಮ್ಮಿಸಿ ನಾಳವನ್ನು ಹಿಗ್ಗಿಸುತ್ತದೆ. ಇದೇ ದೇಹದ ತೂಬು.

ಮಧುಮೇಹದಿಂದ ಪಾದ ಮರಗಟ್ಟಿದವರಿಗೆ ಮುಳ್ಳು ನೆಟ್ಟದ್ದೂ ತಿಳಿಯದು; ಹರಿವು ಕುಂದಿದರೆ ಗಾಯ ಮಾಯದು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಏರಲಾರದ ಹಿರಿಯರೂ ಗೋಡೆಯ ಆಸರೆಯಲ್ಲಿ ಇಷ್ಟನ್ನು ಮಾಡಬಲ್ಲರು. ಮದ್ದಿನ ಬದಲಿಗಲ್ಲ, ಮದ್ದಿನ ಜೊತೆಗೆ; ಪಾದದಲ್ಲಿ ಹುಣ್ಣಿದ್ದವರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು.