ಆಕಾಶದಲ್ಲಿ ಉಪ್ಪು ಸಾಲದು

ವಿಮಾನದ ಊಟವನ್ನು ಬೈಯದ ಪ್ರಯಾಣಿಕರು ಅಪರೂಪ. ಸಪ್ಪೆ ಪಲ್ಯ, ಬಿರುಸು ಅನ್ನ, ಸಿಹಿಯೋ ಅಲ್ಲವೋ ಗೊತ್ತಾಗದ ಒಂದು ಚೂರು ಕೇಕು. ಬೈಗುಳವೆಲ್ಲ ಅಡುಗೆಯವರ ಪಾಲಿಗೆ. ಪಾಪ, ಅವರದು ಅರ್ಧ ತಪ್ಪೂ ಇರಲಿಕ್ಕಿಲ್ಲ.

ಜರ್ಮನಿಯ ಮ್ಯೂನಿಕ್ ಹತ್ತಿರದ ಹೋಲ್ಝ್‌ಕಿರ್ಶೆನ್ ಎಂಬ ಊರಲ್ಲಿ ಫ್ರೌನ್‌ಹೋಫರ್ ಸಂಸ್ಥೆಯವರು ಏರ್‌ಬಸ್ ಎ310 ವಿಮಾನದ ಒಂದು ತುಂಡನ್ನು ದೊಡ್ಡ ಕೊಳವೆಯೊಳಗೆ ತೂರಿಸಿಟ್ಟಿದ್ದಾರೆ. ಅದು ಹಾರುವುದಿಲ್ಲ. ಆದರೆ ಗಾಳಿಯ ಒತ್ತಡ ಇಳಿಸಿ, ತೇವ ಹೀರಿ, ಎಂಜಿನ್ನಿನ ಮೊರೆತ ಹಚ್ಚಿಬಿಟ್ಟರೆ ಒಳಗೆ ಕೂತವರಿಗೆ ಹಾರಿದ ಹಾಗೆಯೇ. 2010ರಲ್ಲಿ ಲುಫ್ತಾನ್ಸಾ ಕಂಪನಿಗಾಗಿ ಅಲ್ಲಿ ಊಟ ಬಡಿಸಿ ನೋಡಿದರು. ಉಪ್ಪು ಶೇ 20ರಿಂದ 30ರಷ್ಟು, ಸಿಹಿ ಶೇ 15ರಿಂದ 20ರಷ್ಟು ಕಮ್ಮಿ ಅನ್ನಿಸಿತು. ಹುಳಿ, ಕಹಿ, ಖಾರ ಮಾತ್ರ ಹೆಚ್ಚು ಕದಲಲಿಲ್ಲ.

ಇದರಲ್ಲಿ ಮೂಗಿನ ಪಾತ್ರ ದೊಡ್ಡದು. ಅಗಿದ ತುತ್ತಿನ ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಏರಿದಾಗಲೇ ನಾವು ರುಚಿ ಅನ್ನುವುದು ಪೂರ್ತಿಯಾಗುವುದು. ವಿಮಾನದೊಳಗೆ ತೇವಾಂಶ ಎಷ್ಟೋ ಸಲ ಶೇ 20ಕ್ಕಿಂತ ಕೆಳಗಿರುತ್ತದೆ. ಒಣಗಿದ ಮೂಗಿಗೆ ನೆಗಡಿ ಹಿಡಿದ ಮೂಗಿನದೇ ಪಾಡು.

ಕಿವಿಯೂ ಉಣ್ಣುತ್ತದೆ ಎಂದರೆ ನಗಬೇಡಿ. ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್ ಮತ್ತು ಮಾಸ್ಸಿಮಿಲಿಯಾನೊ ಝಂಪೀನಿ, ಚಿಪ್ಸ್ ಕಚ್ಚುವವರ ಕಿವಿಗೆ ಹೆಡ್‌ಫೋನ್ ಹಾಕಿ, ಅವರದೇ ಕರುಮ್ ಸದ್ದನ್ನು ತುಸು ಚುರುಕು ಮಾಡಿ ಕೇಳಿಸಿದರು. ಚಿಪ್ಸ್ ಅದೇ, ಆದರೆ ಇದು ಹೆಚ್ಚು ಗರಿಗರಿ, ಈಗಷ್ಟೇ ತೆರೆದ ಡಬ್ಬಿಯದು ಎಂದು ತಿಂದವರಿಗೆ ಅನ್ನಿಸಿತು. 2004ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 2008ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನ ಬಂತು. ಸದ್ದೇ ಕೇಳಿಸದ ಹಪ್ಪಳವನ್ನು ನೆನೆಸಿಕೊಂಡರೆ ನನಗಂತೂ ಆ ಬಹುಮಾನ ತಮಾಷೆಯದು ಅನ್ನಿಸುವುದಿಲ್ಲ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2015ರಲ್ಲಿ ವಿಮಾನದ ಸದ್ದನ್ನೇ, ಸುಮಾರು 85 ಡೆಸಿಬಲ್‌ನಷ್ಟು, ಕಿವಿಗೆ ಹಾಕಿ ರುಚಿ ನೋಡಿಸಿದರು. ಸಿಹಿ ಮಂಕಾಯಿತು, ಉಮಾಮಿ, ಅಂದರೆ ಟೊಮೆಟೊ, ಅಣಬೆಗಳಲ್ಲಿ ನಾಲಿಗೆ ತುಂಬಿ ನಿಲ್ಲುವ ಆ ರುಚಿ, ಇನ್ನಷ್ಟು ಏರಿತು. ನೆಲದ ಮೇಲೆ ಟೊಮೆಟೊ ಜ್ಯೂಸನ್ನು ಮೂಸಿಯೂ ನೋಡದವರು ಮೇಲೆ ಹೋದೊಡನೆ ಅದನ್ನೇ ಕೇಳುವುದಕ್ಕೆ ಕಾರಣ ಸಿಕ್ಕಿತು. ಹೋಲ್ಝ್‌ಕಿರ್ಶೆನ್‌ನಲ್ಲೂ ಅಷ್ಟೆ: ಮಾಮೂಲಿ ಒತ್ತಡದಲ್ಲಿ ಮುಗ್ಗಲು ಎನ್ನಿಸಿದ ಜ್ಯೂಸು ಒತ್ತಡ ಇಳಿದ ಮೇಲೆ ಹಣ್ಣಿನ ಹಾಗೆ ಹಿತವಾಯಿತು.

ಪುಳಿಯೋಗರೆ, ಉಪ್ಪಿನಕಾಯಿ ಕಟ್ಟಿಕೊಂಡು ವಿಮಾನ ಹತ್ತುವ ನಮ್ಮ ಹಿರಿಯರು ಈ ಪ್ರಯೋಗಗಳನ್ನು ಓದಿದವರಲ್ಲ. ಆದರೆ ಹುಳಿ, ಖಾರ ಮೇಲೇರಿದರೂ ಮಸುಕಾಗುವುದಿಲ್ಲ ಎಂಬ ಲೆಕ್ಕ ಅವರ ಡಬ್ಬಿಯಲ್ಲಿದೆ. ಬೆಂಗಳೂರಿನಿಂದ ಹೊರಡುವ ವಿಮಾನಗಳಲ್ಲಾದರೂ ಆ ಕೇಕು ಬಿಟ್ಟು, ಒಂದು ಲೋಟ ಟೊಮೆಟೊ ಸಾರು ಕೊಟ್ಟು ನೋಡಬಾರದೇ? ಮೆಣಸು ತುಸು ಮುಂದಾಗಿಯೇ ಇರಲಿ.