ಪುಣೆಯ ಮನೆಗಳಲ್ಲಿ ಜ್ಯೇಷ್ಠಾಗೌರಿ

1893ರ ಸುಮಾರಿಗೆ ಸಾರ್ವಜನಿಕ ಸ್ವರೂಪವನ್ನು ತಳೆದು, ಲೋಕಮಾನ್ಯ ತಿಲಕರ ಪ್ರೋತ್ಸಾಹದಿಂದ ಬೆಳೆದ ಗಣೇಶೋತ್ಸವವು ಪುಣೆಯ ಬೀದಿಬೀದಿಗಳನ್ನು ತುಂಬಿ, ಢೋಲು-ತಾಶೆಗಳ ಘೋಷದಿಂದ ಹೊರಗಿನವರ ಕಣ್ಣು ಕಿವಿಗಳೆರಡನ್ನೂ ಸೆಳೆದುಕೊಳ್ಳುವುದು ನಿಜವೇ. ಆದರೂ ಅದೇ ದಿನಗಳಲ್ಲಿ ಮನೆಮನೆಯೊಳಗೆ, ಬಹುಮಟ್ಟಿಗೆ ಸ್ತ್ರೀಯರ ಕೈಯಿಂದಲೇ ನಡೆಯತಕ್ಕ ಜ್ಯೇಷ್ಠಾಗೌರಿಯ ಪೂಜೆಯನ್ನು ನೋಡದವನು ಆ ನಗರದ ಭಾದ್ರಪದವನ್ನು ಅರ್ಧ ಮಾತ್ರ ಕಂಡವನೆಂದು ನನ್ನ ದೃಢವಾದ ಅಭಿಪ್ರಾಯ.

ಈ ಗೌರಿ ತಿಥಿಯನ್ನಲ್ಲ, ನಕ್ಷತ್ರವನ್ನು ನೋಡಿಕೊಂಡು ಬರುವವಳು: ಅನೂರಾಧೆಯಂದು ಆವಾಹನೆ, ಜ್ಯೇಷ್ಠೆಯಂದು ಪೂಜೆ, ಮೂಲಾ ನಕ್ಷತ್ರದಂದು ವಿಸರ್ಜನೆ.

ಆವಾಹನೆಗೆ ಮುಂಚೆ ತುಳಶೀಬಾಗಿನ ಪೇಟೆಯಲ್ಲಿ ಗೌರಿಯ ಮುಖವಾಡ, ಕೊರಳ ಸರ, ಮೂಗುತಿಗಳಿಗಾಗಿ ನೆರೆಯುವ ಹೆಂಗಸರ ಸಂದಣಿಯಲ್ಲಿ ಕಾಲಿಡುವುದೇ ಕಷ್ಟ. ಸಾಯಂಕಾಲ ತಲೆಬಾಗಿಲಿನಿಂದ ಒಳಮನೆಯವರೆಗೆ ರಂಗೋಲಿ, ಅರಿಸಿನ-ಕುಂಕುಮಗಳಿಂದ ಪುಟ್ಟ ಹೆಜ್ಜೆಗಳನ್ನು ಮೂಡಿಸಿ, ಆ ಹೆಜ್ಜೆಗಳ ಮೇಲೆಯೇ ಮುಖವಾಡಗಳನ್ನು ತರುತ್ತಾರೆ. ನೇರವಾಗಿ ಪೀಠಕ್ಕೆ ಒಯ್ಯುವ ವಾಡಿಕೆಯಿಲ್ಲ. ಅಡುಗೆಮನೆ, ದವಸದ ಡಬ್ಬಗಳು, ಹಣವಿಡುವ ಕಪಾಟು, ಮಕ್ಕಳು ಓದುವ ಮೂಲೆ, ಎಲ್ಲವನ್ನೂ ಆಕೆಗೆ ತೋರಿಸಿದ ಮೇಲೆಯೇ ಚೌಕಟ್ಟಿನ ಮೇಲೆ ನಿಲ್ಲಿಸಿ, ನಿರಿ ಹಿಡಿದು ಸೀರೆಯುಡಿಸಿ, ಅಕ್ಕತಂಗಿಯರಂತೆ ಇಬ್ಬರನ್ನು ಪಕ್ಕಪಕ್ಕದಲ್ಲಿ ಅಲಂಕರಿಸುವರು. ತವರಿಗೆ ಬಂದ ಮಗಳು ಮನೆಯ ಸ್ಥಿತಿಗತಿಯನ್ನು ಕಣ್ಣಾರೆ ನೋಡಿ ಸಂತೋಷಪಡಲೆಂಬ ಈ ಭಾವವೇ, ಮಂತ್ರೋಪಚಾರಗಳೆಲ್ಲಕ್ಕಿಂತಲೂ ಮಿಗಿಲಾಗಿ, ಈ ಪೂಜೆಯ ಜೀವವೆಂದು ನಾನು ಬಗೆಯುತ್ತೇನೆ. ಚಿತ್ಪಾವನರ ಹಲವು ಮನೆಗಳಲ್ಲಂತೂ ಮುಖವಾಡವೂ ಇಲ್ಲ. ಹೊಳೆಯ ದಂಡೆಯಿಂದ ಆರಿಸಿ ತಂದ ಹರಳುಗಳೇ ಗೌರಿ.

ಬಂದ ದಿನ ರೊಟ್ಟಿ-ಪಲ್ಯಗಳ ಸರಳವಾದ ನೈವೇದ್ಯ. ಮರುದಿನ ಹೂರಣದ ಹೋಳಿಗೆ, ಕಟ್ಟಿನ ಸಾರು, ಅನೇಕರಲ್ಲಿ ಹದಿನಾರು ಬಗೆಯ ಕಾಯಿಪಲ್ಯ.

ಪುಣೆಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಧಾರವಾಡ, ವಿಜಾಪುರಗಳ ಕಡೆಯ ಅನೇಕ ಮನೆತನಗಳಿಗೆ ಈ ಆಚರಣೆ ಹೊಸತಲ್ಲ, ಅವರ ಹಿರಿಯರೂ ಜ್ಯೇಷ್ಠೆಯನ್ನು ಕೂಡಿಸಿದವರೇ. ಮೈಸೂರು ಸೀಮೆಯಿಂದ ಬಂದವರಿಗಾದರೋ ಗೌರಿಯೆಂದರೆ ಚೌತಿಯ ಹಿಂದಿನ ದಿನದ ಸ್ವರ್ಣಗೌರಿ: ಕೈಗೆ ಹದಿನಾರು ಗಂಟಿನ ದಾರ, ಜೋಡಿ ಮೊರದಲ್ಲಿ ಬಾಗಿನ. ಅದೇ ತದಿಗೆಯಂದು ನೆರೆಮನೆಯ ಮರಾಠಿ ಗೃಹಿಣಿಯು ಹರಿತಾಲಿಕೆಯ ಉಪವಾಸದಲ್ಲಿರುತ್ತಾಳೆ. ಅಲ್ಲಿಂದ ನಾಲ್ಕಾರು ದಿನಗಳಲ್ಲಿ ಅವಳ ಮನೆಗೆ ಜ್ಯೇಷ್ಠಾಗೌರಿ ಬಂದಾಗ, ಅರಿಸಿನ-ಕುಂಕುಮಕ್ಕೆ ಮೈಸೂರು ಸೀಮೆಯ ಈ ಗೃಹಿಣಿಗೂ ಕರೆ ಬರುತ್ತದೆ. ಈಕೆ ಹೋಗಿ, ಉಡಿ ತುಂಬಿಸಿಕೊಂಡು, ಆ ಇಬ್ಬರು ಗೌರಿಯರಿಗೂ ಕನ್ನಡದಲ್ಲಿಯೇ ಒಂದು ಹಾಡು ಹೇಳಿ ಬರುವುದುಂಟು.